ಅನುಮಾನದ ಗೋವಿಂದಯ್ಯ
ಎಪ್ಪತ್ತರ ದಶಕದಲ್ಲಿ, ಕೋತಿ ಸಾಕಲೂ ಲೈಸೆನ್ಸ್ ಬೇಕೆಂಬ ಕಾನೂನು ಬಂದ ಮೇಲೆ, ಹೊಳಲ್ಕೆರೆ ಸೀಮೆಯಲ್ಲಿ ಫಾರೆಸ್ಟ್ ಗಾರ್ಡ್ ಗೋವಿಂದಯ್ಯನ ಅನುಮಾನಕ್ಕೆ ಸಿಗದ ಮನೆ ಉಳಿಯಲಿಲ್ಲ. ಯಾರಾದರೂ ಸಂತೆಯಲ್ಲಿ ಎರಡು ಚಿಪ್ಪು ಬಾಳೆಹಣ್ಣು ಕೊಂಡರೆ, "ನಿಮ್ಮನೇಲಿ ತಿನ್ನೋರು ಎಷ್ಟು ಜನಪ್ಪ?" ಎಂದು ಸೈಕಲ್ ನಿಲ್ಲಿಸುತ್ತಿದ್ದ. ಹೆಂಚು ಜರುಗಿದ್ದರೆ ಗಾಳಿಯನ್ನು ನಂಬುತ್ತಿರಲಿಲ್ಲ. ಮದುಮಗನ ಕೆನ್ನೆಯಲ್ಲಿ ಗೀರು ಕಂಡರೆ ಕ್ಷೌರದ ಕತ್ತಿಯನ್ನು ನಂಬುತ್ತಿರಲಿಲ್ಲ. ಕೊಟ್ಟ ಮಜ್ಜಿಗೆಯನ್ನೂ ಅಟ್ಟದ ಮೇಲೆ ಕಣ್ಣಿಟ್ಟೇ ಕುಡಿಯುತ್ತಿದ್ದ. "ಅನುಮಾನ ಬಂತು, ಬಾಗ್ಲು ಹಾಕ್ಕಳ್ರಿ" ಎಂದು ಹೆಂಗಸರು ನಗುತ್ತಿದ್ದರು. ತಾಳ್ಯದ ಕೆಂಚಕ್ಕ ಮಾತ್ರ ನಗಲಿಲ್ಲ. ಮಕ್ಕಳಿಲ್ಲದ ಆಕೆ ತಾನು ಸಾಕಿದ ಕೋತಿಮರಿಯನ್ನು ತೊಟ್ಟಿಲಲ್ಲಿ ಹೊದಿಸಿ ಮಲಗಿಸಿ, ಅವನು ಬಾಗಿಲಿಗೆ ಬಂದಾಗ "ತಂಗಿ ಕೂಸು, ಜ್ವರ ಬಂದೈತೆ, ಮುಟ್ಬ್ಯಾಡ್ರಿ" ಎಂದು ಜೋಗುಳ ಶುರುಮಾಡಿದಳು. ಗೋವಿಂದಯ್ಯ ಹೊದಿಕೆ ಎತ್ತಲಿಲ್ಲ. ಅಂಗಳದತ್ತ ನೋಡಿ, "ಕೂಸಿರೋ ಮನೇಲಿ ಒಂದಾದ್ರೂ ಒದ್ದೆ ಬಟ್ಟೆ ಒಣಗ್ಬೇಕಲ್ಲವ್ವ?" ಎಂದ. ಹಾಡು ನಿಂತಿತು. "ಎತ್ಕಂಡ್ ಹೋಗ್ಬ್ಯಾಡ್ರಿ, ಕಾಲಿಗ್ ಬೀಳ್ತೀನಿ" ಎಂದು ಕೆಂಚಕ್ಕ ತೊಟ್ಟಿಲನ್ನು ಅಪ್ಪಿಕೊಂಡಳು. ಅವನು ಟೋಪಿ ತೆಗೆದು ಹೊಸ್ತಿಲ ಮೇಲೆ ಕುಳಿತ. "ನಮ್ಮನೇಲೂ ಒಂದ್ ಮರಿ ಇತ್ತು. ಲೈಸೆನ್ಸ್ ಅರ್ಜಿ ಕೊಟ್ರೆ ಕಿತ್ಕಂತಾರೆ ಅಂತ ನಾವೂ ಕೊಡ್ಲಿಲ್ಲ. ನನ್ ಹೆಂಡ್ತಿನೂ ಹಿಂಗೇ ತೂಗ್ತಾ ಕುಂತಿದ್ಲು. ಸಾಹೇಬ್ರು ಬಂದ್ರು, ಎತ್ಕಂಡ್ ಹೋದ್ರು. ಬಟ್ಟೆ ಒಣಗಾಕೋದು ನಮಗೂ ಹೊಳೀಲಿಲ್ಲ" ಎಂದ. ಮಡಿಚಿದ ಅರ್ಜಿಯನ್ನೂ ಮಸಿಯ ಡಬ್ಬಿಯನ್ನೂ ಚೀಲದಿಂದ ತೆಗೆದ. "ಈಗ ಅರ್ಜಿ ಕೊಡೋ ಗಡುವು ಮುಂದಕ್ಕಾಕವ್ರೆ. ನಾನೇ ಬರೀತೀನಿ. ಎಡಗೈ ಹೆಬ್ಬೆಟ್ಟು ಕೊಡವ್ವ. ಬಲಗೈಲಿ ತೂಗ್ತಿರು, ಎದ್ದೀತು."