ನುಜಹತ್ ಹೆಸರಿನ ವಿಳಾಸ

ಬಸವಾಪಟ್ಟಣದ ಜಮಾಲ್ ಸಾಬರ ಕುಲುಮೆಯಲ್ಲಿ ತಯಾರಾಗುತ್ತಿದ್ದ ಅಡಿಕೆ ಸುಲಿಯುವ ಕತ್ತಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ಕಡೆ ಒಳ್ಳೆಯ ಹೆಸರಿತ್ತು. ಕತ್ತಿಯ ಬುಡದಲ್ಲಿ ‘ಜಮಾಲ್ ಅಂಡ್ ಸನ್’ ಎಂಬ ಅಚ್ಚು ಇರುತ್ತದೆ. ಜಮಾಲ್ ಸಾಬರು ತೀರಿಕೊಂಡು ಎಂಟು ವರ್ಷವಾಯಿತು. ‘ಸನ್’ ಆದ ಮುಜಮ್ಮಿಲ್‌ಗೆ ಕುಲುಮೆಯ ಹೊಗೆ ತಾಗಿದರೆ ಸೀನು ಶುರುವಾಗುತ್ತದೆ. ಕಬ್ಬಿಣ ಕಾಯಿಸುವವಳು, ಬಡಿಯುವವಳು, ಹದ ಹಾಕುವವಳು, ಸಾಣೆ ಹಿಡಿಯುವವಳು ಜಮಾಲ್ ಸಾಬರ ಮಗಳು ನುಜಹತ್. ಅವಳ ಹೆಸರು ಅಚ್ಚಿನಲ್ಲಿಲ್ಲ. ಅಂಗಡಿಯ ಬೋರ್ಡಿನಲ್ಲೂ ಇಲ್ಲ.

ಕತ್ತಿ ಬಡಿಯುವುದನ್ನು ತೋಳಿನಲ್ಲಿ ಬಲವಿರುವ ಯಾರಾದರೂ ಕಲಿತಾರು. ಹದ ಹಾಕುವುದು ಹಾಗಲ್ಲ. ಕೆಂಡದಿಂದ ತೆಗೆದ ಕತ್ತಿಯ ಬಣ್ಣ ನೋಡುತ್ತಾ ನಿಲ್ಲಬೇಕು, ಸರಿಯಾದ ಗಳಿಗೆಯಲ್ಲಿ ಎಣ್ಣೆಗೆ ಅದ್ದಬೇಕು. ಗಳಿಗೆ ತಪ್ಪಿದರೆ ಕತ್ತಿ ಮೆತ್ತಗಾಗಿ ಎರಡೇ ದಿನಕ್ಕೆ ಮೊಂಡಾಗುತ್ತದೆ, ಇಲ್ಲವೇ ಬಿರುಸಾಗಿ ಬಾಯಿ ಮುಕ್ಕಾಗುತ್ತದೆ. ಮುದಿತನದಲ್ಲಿ ಜಮಾಲ್ ಸಾಬರ ಕೈ ನಡುಗಲು ಶುರುವಾದಾಗ ಇಕ್ಕಳವನ್ನು ಮಗಳ ಕೈಗೆ ಕೊಟ್ಟು ತಾವು ಪಕ್ಕದಲ್ಲಿ ಕೂತು ನೋಡಿದ್ದರು. ಅದಾದ ಮೇಲೆ ಇಕ್ಕಳ ವಾಪಸು ಕೇಳಲಿಲ್ಲ.

ಇಪ್ಪತ್ತನೇ ವಯಸ್ಸಿನಲ್ಲಿ ಅವಳನ್ನು ನ್ಯಾಮತಿಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡನ ಮನೆಯವರು ತವರಿಗೆ ತಂದು ಬಿಟ್ಟರು. ಹುಡುಗಿಯ ಕೈ ಗಂಡಸಿನ ಕೈ ಹಾಗಿದೆ ಎಂಬುದು ಅವರ ದೂರು. ಆ ಒರಟು ಕೈ ಇಪ್ಪತ್ತೊಂದು ವರ್ಷ ತಾಯಿಯನ್ನು, ತಮ್ಮನನ್ನು, ತಮ್ಮನ ಹೆಂಡತಿ ಮಕ್ಕಳನ್ನು ಸಾಕಿತು. ಹಾಗಂತ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮುಜಮ್ಮಿಲ್ ಚನ್ನಗಿರಿಯ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು, ಹೊನ್ನಾಳಿಯವರಿಗೆ ಅಡಿಕೆ ಕತ್ತಿ, ಜಗಳೂರು ಕಡೆಯ ಕುರಿ ಸಾಕುವವರಿಗೆ ಉಣ್ಣೆ ಕತ್ತರಿ ಮಾರುತ್ತಾ, “ನಮ್ಮ ಹದವೇ ಬೇರೆ ಬಿಡ್ರಿ” ಎನ್ನುತ್ತಿದ್ದ. ಮಾತಿನಲ್ಲಿ ಅವನದು ಎತ್ತಿದ ಕೈ.

ಹೋದ ವರ್ಷ ಘಟ್ಟದ ಕೆಳಗಿನ ಒಂದು ಅಡಿಕೆ ಬೆಳೆಗಾರರ ಸಂಘದವರು ಹೊನ್ನಾಳಿಯಲ್ಲಿ ಇವರ ಕತ್ತಿ ನೋಡಿ ಇಷ್ಟಪಟ್ಟರು. ಆದರೆ ಸಂಘದ ಕಾಗದಪತ್ರವೆಲ್ಲ ಇಮೇಲಿನಲ್ಲೇ ಆಗಬೇಕಂತೆ. ಅಂಗಡಿಗೊಂದು ಇಮೇಲ್ ಇತ್ತು, ಇಲ್ಲವೆಂದಲ್ಲ. ಯಾವುದೋ ಕಾಲದಲ್ಲಿ ಬ್ಯಾಂಕಿನ ಅರ್ಜಿಗೆಂದು ಮಾಡಿಸಿದ್ದ ಉದ್ದನೆಯ ಬಿಟ್ಟಿ ವಿಳಾಸ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ ಕೊಟ್ಟಿದ್ದ ಸಿಮ್ಮು ಯಾವಾಗಲೋ ಸತ್ತಿತ್ತು. ಸಂಘದವರ ಮೊದಲ ಪತ್ರ ಎಲ್ಲಿಗೆ ಹೋಗಿ ಬಿತ್ತೋ ದೇವರೇ ಬಲ್ಲ.

ನುಜಹತ್ ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಸೆಂಟರ್ ಇಟ್ಟಿದ್ದ ಅರುಣಾಳ ಹತ್ತಿರ ಹೋದಳು. ಅರುಣಾ ಕೆಲಸ ಬಲ್ಲ ಹುಡುಗಿ, ಗಿರಾಕಿಯನ್ನು ಬೇಗ ಸಾಗಹಾಕಿದರೆ ಸಾಕು ಎನ್ನುವವಳಲ್ಲ.

“ಬಿಟ್ಟಿ ಬೇಕಂದ್ರೆ ಇವಾಗ್ಲೇ ಮಾಡಿ ಕೊಡ್ತೀನಿ ಅಕ್ಕ. ಆದ್ರೆ ವಿಳಾಸದ ಬಾಲ ಅವ್ರದ್ದೇ ಇರ್ತೈತೆ, ನಿಮ್ಮ ಅಂಗಡಿ ಹೆಸ್ರು ಬರಲ್ಲ. ದಾವಣಗೆರೆ ಏಜೆಂಟ್ ಒಬ್ರು ವೆಬ್‌ಸೈಟಿನ ಜೊತೆ ಹತ್ತು ಮೇಲ್ ವಿಳಾಸ ಫ್ರೀ ಅಂತಾರೆ. ಆದ್ರೆ ಹೆಸ್ರು ಅವ್ರು ತಮ್ಮ ಖಾತೆಲೇ ಇಟ್ಕಂತಾರೆ. ನಾಳೆ ಅವ್ರು ಫೋನ್ ಎತ್ತಲಿಲ್ಲಂದ್ರೆ ನೀವು ಬೀದಿಗೆ ಬಿದ್ರಿ. ಇನ್ನೊಂದು ದಾರಿ ಅಂದ್ರೆ, ಹೆಸ್ರು ನೀವೇ ಕೊಳ್ಳೋದು, ಮೇಲಿಗೆ ಒಂದು ಕಂಪನಿಗೆ ತಿಂಗಳ ಬಾಡಿಗೆ ಕಟ್ಟೋದು.”

“ಆ ಕಂಪನಿ ಸರಿ ಇಲ್ಲಾಂದ್ರೆ?”

“ಬೇರೆ ಕಂಪನಿಗೆ ಹೋಗದು. ಜಾಗ ನಿಮ್ದಾಗಿದ್ರೆ ಮನೆ ಎಲ್ಲಿ ಬೇಕಾದ್ರೂ ಕಟ್ಟಬಹುದು. ಜಾಗ ಯಾರ ಹೆಸರಲ್ಲಿ ಐತೆ ಅನ್ನೋದೇ ಮುಖ್ಯ.”

ನುಜಹತ್ ಅವತ್ತೇ ಏನನ್ನೂ ತೀರ್ಮಾನ ಮಾಡಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಒಂದು ನೋಟ್‌ಬುಕ್ ಕೊಂಡು, ಎರಡು ವಾರ ಅದರಲ್ಲಿ ಪ್ರಶ್ನೆ ಬರೆದುಕೊಂಡು ಓಡಾಡಿದಳು. ಎಷ್ಟು ವರ್ಷದ ಪತ್ರ ಹಿಡಿಸುತ್ತದೆ? ಕತ್ತಿಯ ಫೋಟೊ ಕಳಿಸಿದರೆ ತುಂಬಿಹೋಗುತ್ತದೆಯೇ? ಕೆಟ್ಟರೆ ಯಾರಿಗೆ ಫೋನ್ ಮಾಡುವುದು, ಅವರು ಕನ್ನಡದಲ್ಲಿ ಮಾತಾಡುತ್ತಾರೆಯೇ? ಬಾಡಿಗೆ ನಿಲ್ಲಿಸಿದರೆ ಹಳೆಯ ಪತ್ರ ಕೊಡುತ್ತಾರೋ, ಸುಟ್ಟುಹಾಕುತ್ತಾರೋ? ಅರುಣಾ ಮೂರು ಕಂಪನಿಗಳ ಪುಟ ತೆರೆದು ಒಂದೊಂದಕ್ಕೂ ಉತ್ತರ ಹುಡುಕಿ ಹೇಳಿದಳು. ಕನ್ನಡದಲ್ಲಿ ಮಾತಾಡುವ ಕಂಪನಿ ಒಂದೂ ಇರಲಿಲ್ಲ. ಕಡೆಗೆ ನುಜಹತ್ ಒಂದನ್ನು ಆರಿಸಿದಳು. ಎಲ್ಲಕ್ಕಿಂತ ಅಗ್ಗದ್ದಲ್ಲ. ಆದರೆ ಪತ್ರ ಕಸದ ಡಬ್ಬಿಗೆ ಬೀಳದಂತೆ, ಇದು ನಿಜಕ್ಕೂ ಇವರದೇ ಪತ್ರ ಎಂದು ಆಚೆಯವರಿಗೆ ಸಾಬೀತಾಗುವಂತೆ ಏನೇನು ಏರ್ಪಾಡು ಬೇಕೋ ಎಲ್ಲ ಅದರಲ್ಲಿತ್ತು.

“ಇದನ್ನ ಹಾಕಿಬಿಟ್ರೆ ನಿಮ್ಮ ಹೆಸರಲ್ಲಿ ಬೇರೆ ಯಾರೂ ಪತ್ರ ಬರೆಯಾಕೆ ಆಗಲ್ಲ ಅಕ್ಕ” ಎಂದಳು ಅರುಣಾ.

ಆ ಮಾತಿಗೇ ನುಜಹತ್ ಸೋತಳು. ‘ನುಜಹತ್ ಅಟ್ ಜಮಾಲ್‌ಕತ್ತಿ ಡಾಟ್ ಇನ್’. ಅದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಲ ಬರೆದು ನೋಡಿದಳು. ಅಪ್ಪನ ಹೆಸರಿನ ಮುಂದೆ ತನ್ನ ಹೆಸರು ಕೂತಿತ್ತು. ಅವಳಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ದುಡ್ಡು ಕಟ್ಟುವಾಗ ಎಡವಿದಳು. ಅವಳ ಬ್ಯಾಂಕ್ ಖಾತೆಗೆ ಜೋಡಿಸಿದ್ದ ಫೋನ್ ನಂಬರ್ ಮುಜಮ್ಮಿಲ್‌ನದು. ಹೆಣ್ಣುಮಕ್ಕಳ ಓಟಿಪಿ ಗಂಡಸರ ಜೇಬಿಗೆ ಬರುವುದು ಆ ಮನೆಯಲ್ಲಿ ಮಾತ್ರವೇ ಏನಲ್ಲ. “ಬ್ಯಾಂಕಿಗೆ ಹೋಗಿ ನಂಬರ್ ಬದಲಾಯಿಸಿ, ಒಂದು ವಾರ ತಡ ಆದ್ರೂ ಆಗ್ಲಿ” ಎಂದು ಅರುಣಾ ಬಡಕೊಂಡಳು. ನುಜಹತ್ ಹೂಂ ಎಂದಿದ್ದಳು ಕೂಡ. ಅಷ್ಟರಲ್ಲಿ ಮುಜಮ್ಮಿಲ್, “ಕೊಡು ಆಪಾ, ಅಂಗಡಿ ಕಂಪ್ಯೂಟರಲ್ಲಿ ನಾನು ಐದು ನಿಮಿಷಕ್ಕೆ ಮಾಡ್ತೀನಿ. ನಿಂಗ್ಯಾಕೆ ಈ ತಾಪತ್ರಯ?” ಎಂದ. ಬೇಡ ಎಂದರೆ ತಮ್ಮನ ಮೇಲೆ ನಂಬಿಕೆ ಇಲ್ಲವೇ ಎಂದು ತಾಯಿ ಇಮಾಮ್‌ಬೀ ಮುಖ ಊದಿಸುತ್ತಾಳೆ. ಅಕ್ಕ ದಾಕ್ಷಿಣ್ಯಕ್ಕೆ ಬಿದ್ದು ನೋಟ್‌ಬುಕ್ ಕೊಟ್ಟಳು. ತಮ್ಮ ಅವಳು ಆರಿಸಿದ ಕಂಪನಿಯನ್ನೇ ಹಿಡಿದ, ಅವಳು ಹೇಳಿದ ಹೆಸರನ್ನೇ ಕೊಂಡ. ಮಾಲೀಕರು ಯಾರು ಎಂದು ಕೇಳಿದ ಕಡೆ ತನ್ನ ಹೆಸರು ಬರೆದ. ಅಕ್ಕನ ಪಾಸ್‌ವರ್ಡನ್ನೂ ತಾನೇ ಇಟ್ಟು ಒಂದು ಚೀಟಿಯಲ್ಲಿ ಗೀಚಿ ಕೊಟ್ಟ.

ಆಮೇಲಿನ ಆರು ತಿಂಗಳು ಅವಳ ಬದುಕಿನಲ್ಲೇ ಒಳ್ಳೆಯ ದಿನಗಳು. ಸಂಘದಲ್ಲಿ ಖರೀದಿ ನೋಡಿಕೊಳ್ಳುವವರು ವನಜಾಕ್ಷಿ ಎಂಬ ಅಧಿಕಾರಿ. ‘ಶ್ರೀಮತಿ ನುಜಹತ್ ಅವರಿಗೆ’ ಎಂದು ಶುರುಮಾಡಿ ಬರೆಯುತ್ತಿದ್ದರು. ಒಣಗಿದ ಅಡಿಕೆಗೆ ಕತ್ತಿ ಮುಕ್ಕಾಗುತ್ತಿದೆ, ಏನು ಮಾಡಬಹುದು ಎಂದು ಕೇಳಿದರು. ಕುಲುಮೆಯ ಕೆಲಸ ಮುಗಿಸಿ, ಕೈ ತೊಳೆದು, ನುಜಹತ್ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದಳು. ಹದ ಒಂದು ಕೂದಲೆಳೆ ಇಳಿಸಿ ಹೊಸ ಕತ್ತಿ ಕಳಿಸಿದಳು. ‘ನೀವು ಹೇಳಿದ ಹಾಗೇ ಆಯಿತು. ನಿಮ್ಮಂಥ ಕೈ ನಮ್ಮಲ್ಲಿ ಇಲ್ಲ’ ಎಂದು ವನಜಾಕ್ಷಿ ಬರೆದರು. ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ.

ಇದ್ದಕ್ಕಿದ್ದಂತೆ ಪತ್ರ ನಿಂತವು. ಒಂದು ವಾರ ಕಾದಳು, ಎರಡು ವಾರ ಕಾದಳು. ಮೂರನೇ ವಾರ ಅರುಣಾಳ ಸೆಂಟರಿಗೆ ಹೋಗಿ, “ಏನೋ ಕೆಟ್ಟೈತೆ ನೋಡವ್ವ” ಎಂದಳು. ಅರುಣಾ ಕಂಪ್ಯೂಟರಿನಲ್ಲಿ ತೆರೆದು ಅಲ್ಲಿ ಇಲ್ಲಿ ಹುಡುಕಿ, ಕೊನೆಗೆ ಅಳಿಸಿದ ಪತ್ರಗಳ ಡಬ್ಬಿಯೊಳಗೆ ಕೈ ಹಾಕಿದಳು. ವನಜಾಕ್ಷಿಯವರ ಪತ್ರ ಅಲ್ಲಿ ಬಿದ್ದಿತ್ತು. ಸಂಘದವರು ಸ್ವಂತ ಕುಲುಮೆ ಶುರುಮಾಡುತ್ತಿದ್ದಾರೆ. ಹದ ಹಾಕುವುದನ್ನು ಹತ್ತು ಹೆಣ್ಣುಮಕ್ಕಳಿಗೆ ಕಲಿಸಲು ನುಜಹತ್ ಬರಬೇಕು. ಸಂಬಳ, ಇರಲು ಮನೆ, ಎಲ್ಲ ಕೊಡುತ್ತಾರೆ. ತಿಂಗಳ ಕೊನೆಯೊಳಗೆ ಉತ್ತರ ತಿಳಿಸಬೇಕು. ತಿಂಗಳ ಕೊನೆಗೆ ಇನ್ನು ಐದು ದಿನ ಇತ್ತು.

ಅದರ ಪಕ್ಕದಲ್ಲೇ ಉತ್ತರವೂ ಇತ್ತು. ‘ಮಾನ್ಯರೇ, ನಿಮ್ಮ ವಿಶ್ವಾಸಕ್ಕೆ ಋಣಿ. ನಮ್ಮ ತಂದೆಯವರಂತೆ ನನ್ನ ಕೈಯೂ ಈಗ ನಡುಗುತ್ತಿದೆ. ಹದದ ಕೆಲಸವನ್ನು ನನ್ನ ತಮ್ಮನೇ ನೋಡಿಕೊಳ್ಳುತ್ತಿದ್ದಾನೆ. ಬರಲು ಸಾಧ್ಯವಿಲ್ಲ, ಕ್ಷಮಿಸಿ. ಇಂತಿ, ನುಜಹತ್.’

ಅವಳು ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿಟ್ಟು ನೋಡಿಕೊಂಡಳು. ಇಪ್ಪತ್ತು ವರ್ಷದಲ್ಲಿ ಎಂದೂ ನಡುಗದ ಕೈ ಅವತ್ತೂ ನಡುಗುತ್ತಿರಲಿಲ್ಲ.

“ಅಕ್ಕ, ಮೊದ್ಲು ಅವ್ರಿಗೆ ಉತ್ತರ ಬರೀರಿ. ಜಗಳ ಆಮೇಲೆ ಮಾಡೋರಂತೆ” ಎಂದಳು ಅರುಣಾ. ನುಜಹತ್‌ಗೆ ಆ ಮಾತು ಕಿವಿಗೇ ಬೀಳಲಿಲ್ಲ. ಅವಳು ನೆಟ್ಟಗೆ ಅಂಗಡಿಗೆ ಹೋಗಿ ಗಿರಾಕಿಗಳ ಎದುರೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಆ ಮನೆಯವರು ಒಳಗೆ ಉರ್ದು, ಹೊರಗೆ ಕನ್ನಡ ಆಡುವವರು. ಅವತ್ತು ಎರಡೂ ಒಟ್ಟಿಗೆ ಬಂದವು. ಮುಜಮ್ಮಿಲ್ ಸುಳ್ಳು ಹೇಳಲೂ ಹೋಗಲಿಲ್ಲ.

“ಹೌದು, ಬರ್ದೆ. ನೀನು ಹೋದ್ರೆ ಅಂಗಡಿ ಹೆಂಗೆ ನಡೀಬೇಕು ಆಪಾ? ಅಮ್ಮೀನ ಯಾರು ನೋಡ್ಕಬೇಕು? ನಿನ್ನ ಒಳ್ಳೇದಕ್ಕೇ ಮಾಡೀನಿ.”

ಇಷ್ಟನ್ನು ಅವನು ಕಣ್ಣು ತಗ್ಗಿಸದೆ ಹೇಳಿದ. ನುಜಹತ್ ಬಸ್ಸಿನಲ್ಲಿ ಬಸವಾಪಟ್ಟಣ ತಲುಪುವಷ್ಟರಲ್ಲಿ ಪಾಸ್‌ವರ್ಡ್ ಬದಲಾಗಿತ್ತು. ಫೋನಿನಲ್ಲಿ ಅವಳ ಹೆಸರಿನ ಪೆಟ್ಟಿಗೆ ಅವಳಿಗೇ ಬಾಗಿಲು ತೆಗೆಯಲಿಲ್ಲ. ಮನೆಯಲ್ಲಿ ಇಮಾಮ್‌ಬೀ, “ತಮ್ಮ ಅಲ್ವೇನೇ, ಪರಕೀಯನಾ? ಒಂದು ಕಾಗದ ಬರೆದ್ರೆ ಏನು ಪ್ರಾಣ ಹೋಯ್ತು?” ಎಂದಳು. ಹೆತ್ತ ತಾಯಿಯ ಬಾಯಿಂದ ಈ ಮಾತು ಬಂತಲ್ಲ ಎಂದು ನುಜಹತ್ ಅವತ್ತು ಊಟಕ್ಕೆ ಕೂರಲಿಲ್ಲ.

ಮರುದಿನ ಸಂಘದ ಕಚೇರಿಗೆ ಫೋನ್ ಮಾಡಿದಳು. ಎತ್ತಿಕೊಂಡ ಗುಮಾಸ್ತ, “ಮೇಡಂ ಪ್ರವಾಸದಲ್ಲಿದ್ದಾರೆ. ಏನಿದ್ದರೂ ಮೇಲ್ ಮಾಡಿ” ಎಂದು ಇಟ್ಟುಬಿಟ್ಟ. ಇನ್ನು ಆಯ್ಕೆ ಮಾಡುತ್ತಾ ಕೂರಲು ಪುರುಸೊತ್ತು ಇರಲಿಲ್ಲ. ಅರುಣಾಳ ಸೆಂಟರಿನಲ್ಲಿ ಹತ್ತು ನಿಮಿಷಕ್ಕೆ ಒಂದು ಬಿಟ್ಟಿ ವಿಳಾಸ ಮಾಡಿಸಿದಳು. ನುಜಹತ್ ಎಂಬ ಹೆಸರು ಮೊದಲೇ ಯಾರೋ ತೆಗೆದುಕೊಂಡಿದ್ದರಿಂದ ಹಿಂದೆ ನಾಲ್ಕು ಅಂಕಿ ಸೇರಿಸಬೇಕಾಯಿತು. ಬರೆದಳು: ‘ಆ ಉತ್ತರ ನನ್ನದಲ್ಲ. ನನ್ನ ಕೈ ನಡುಗುವುದಿಲ್ಲ. ನಾನು ಬರುತ್ತೇನೆ.’

ಮೂರನೇ ದಿನ ವನಜಾಕ್ಷಿಯವರ ಉತ್ತರ ಬಂತು. ಅದರಲ್ಲಿ ‘ಶ್ರೀಮತಿ ನುಜಹತ್ ಅವರಿಗೆ’ ಎಂಬುದು ಇರಲಿಲ್ಲ. ‘ನೀವು ಯಾರೋ ತಿಳಿಯದು. ನುಜಹತ್ ಅವರು ತಮ್ಮ ಸಂಸ್ಥೆಯ ವಿಳಾಸದಿಂದಲೇ ನಮಗೆ ಬರೆಯುವವರು. ಬಿಟ್ಟಿ ವಿಳಾಸದಿಂದ ಅವರ ಹೆಸರಿನಲ್ಲಿ ಬಂದ ಪತ್ರವನ್ನು ನಂಬಲಾಗದು. ಆ ಕೆಲಸಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದಾಗಿದೆ. ನಿಮ್ಮ ಪತ್ರವನ್ನು ನುಜಹತ್ ಅವರ ಗಮನಕ್ಕೆ ಕಳಿಸಿದ್ದೇವೆ.’

ವನಜಾಕ್ಷಿಯವರನ್ನು ಬೈಯುವ ಹಾಗಿಲ್ಲ. ಎಚ್ಚರವಿರುವ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಎರಡು ವಾರ ತಲೆ ಕೆಡಿಸಿಕೊಂಡು ನುಜಹತ್ ಆರಿಸಿದ್ದ ಏರ್ಪಾಡು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಸಂಜೆ ಅವಳು ಕುಲುಮೆಯ ಮುಂದೆ ಕೂತಿದ್ದಳು. ಹೊನ್ನಾಳಿಯವರ ಕತ್ತಿಗಳು ಕೆಂಡದಲ್ಲಿದ್ದವು. ಎಂದೂ ಆ ಕಡೆ ಸುಳಿಯದ ಮುಜಮ್ಮಿಲ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತ. ಫೋನು ತೋರಿಸಿದ.

“ಸಂಘದವ್ರು ಬರ್ದಾರೆ ಆಪಾ. ನಿನ್ನ ಹೆಸರಲ್ಲಿ ಯಾರೋ ಮೋಸ ಮಾಡಾಕೆ ಹೊಂಟಾರಂತೆ, ಹುಷಾರು ಅಂತ.” ಫೋನನ್ನು ಜೇಬಿಗಿಟ್ಟುಕೊಳ್ಳುತ್ತಾ ಹೇಳಿದ, “ಧನ್ಯವಾದ ಅಂತ ಉತ್ತರ ಹಾಕೀನಿ. ನಿನ್ನ ಹೆಸರಲ್ಲೇ.”

ನುಜಹತ್ ಇಕ್ಕಳವನ್ನು ನೆಲದ ಮೇಲಿಟ್ಟಳು.

“ಕತ್ತಿ ಕೆಂಡದಾಗೆ ಐತೆ. ಹದ ನೀನೇ ಹಾಕು.”

“ತಮಾಷೆ ಮಾಡಬ್ಯಾಡ ಆಪಾ. ನಾಳೆ ಮಾಲು ಕೊಡ್ಬೇಕು.”

“ತಮಾಷೆ ಏನಿಲ್ಲ. ನುಜಹತ್ ಬರ್ದಾಳಲ್ಲ, ಕೈ ನಡುಗ್ತೈತೆ, ಹದ ತಮ್ಮನೇ ಹಾಕ್ತಾನೆ ಅಂತ. ಆಕೆ ಬರೆದಿದ್ದೇ ಖರೆ ಅಂತ ಸಂಘದವರೂ ಒಪ್ಪಿದಾರೆ.”

ಅವನು ಬೇಡಿಕೊಂಡ, ಆಮೇಲೆ ಕೂಗಾಡಿದ, ತಾಯಿಯನ್ನು ಕರೆದ. ಅವಳು ಎದ್ದು ಒಳಗೆ ಹೋದಳು. ಆ ದಿನದಿಂದ ಇವತ್ತಿನವರೆಗೆ ಅವಳು ಕುಲುಮೆಗೆ ಕಾಲಿಟ್ಟಿಲ್ಲ. ಮುಜಮ್ಮಿಲ್ ಈಗ ಎಲ್ಲಿಂದಲೋ ತರಿಸಿದ ಕತ್ತಿಗಳಿಗೆ ಅಚ್ಚು ಹೊಡೆದು ಮಾರುತ್ತಾನೆ. ಎರಡೇ ದಿನಕ್ಕೆ ಮೊಂಡಾಗುತ್ತವೆ ಎಂದು ಹೊನ್ನಾಳಿಯವರು ಬೈದು ವಾಪಸು ತರುತ್ತಾರೆ. ಅಂಗಡಿ ಇವತ್ತೋ ನಾಳೆಯೋ ಎಂಬಂತಿದೆ. ನುಜಹತ್ ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹೊಲಿದು ಕೊಡುತ್ತಾಳೆ. ಹೊಲಿಗೆ ಅಷ್ಟೇನೂ ಚೆನ್ನಾಗಿ ಬರುವುದಿಲ್ಲ. ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ.