ಬಾಲ ಕಳೆದುಕೊಂಡ ಲಚ್ಚಿ

ಹೋಟೆಲಿನವನ ಮಾನ ತೆಗೆಯಲು ಒಂದು ಹಲ್ಲಿ ಸಾಕು. ನನ್ನ ತಂಗಿಯ ಮಗಳು ಪ್ರಣಮ್ಯಾ ಕಾಮಿಕ್ಸ್ ಬರೆಯಲು ಹೊರಟಾಗ ಅವಳಿಗೆ ಬೇರೆ ಪ್ರಾಣಿಯೇ ಸಿಗಲಿಲ್ಲ. ಕೀಲ್ಪಾಕಿನ ನಮ್ಮ ಹೋಟೆಲಿನ ತಿಂಡಿಪಟ್ಟಿಯ ಹಲಗೆಯ ಹಿಂದೆ ವಾಸವಾಗಿರುವ, ಬಾಲ ಕಳೆದುಕೊಂಡ ಲಚ್ಚಿ ಎಂಬ ಹಲ್ಲಿಯೇ ನಾಯಕಿ. ಬಾಲ ಹುಡುಕುತ್ತಾ ಲಚ್ಚಿ ಅಡುಗೆಮನೆ, ಉಗ್ರಾಣ, ಗಿರಾಕಿಗಳ ಕೊಡೆಯೊಳಗೆಲ್ಲ ಸುತ್ತುತ್ತಾಳೆ. ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು, ಅದನ್ನು ಮಾರಲು ತಂದಿಟ್ಟದ್ದು ನನ್ನ ಕ್ಯಾಶ್ ಮೇಜಿನ ಮೇಲೆ, ಸೋಂಪಿನ ಬಟ್ಟಲಿನ ಪಕ್ಕದಲ್ಲಿ!

“ಎಂತ ಮಾರಾಯ್ತಿ, ನಮ್ಮ ಹೋಟ್ಲಲ್ಲಿ ಹಲ್ಲಿ ಉಂಟು ಅಂತ ಊರಿಗೆಲ್ಲ ಡಂಗುರ ಹೊಡೆಯುದಾ?” ಎಂದೆ.

“ಇಲ್ವಾ ಹಾಗಾದ್ರೆ?” ಎಂದು ಅವಳು ಗೋಡೆ ನೋಡಿದಳು. ನಾನು ಸೋಂಪಿನ ಬಟ್ಟಲು ಸರಿಸಿ ಜಾಗ ಮಾಡಿಕೊಟ್ಟೆ.

ಆಗ ಅವಳು ಕಾಲೇಜು ಹುಡುಗಿ. ಚಿತ್ರವನ್ನು ಒಂದು ಸಂಜೆಗೆ ಮುಗಿಸುತ್ತಿದ್ದಳು, ಮಾತಿಗೆ ಮಾತ್ರ ವಾರಗಟ್ಟಲೆ ಒದ್ದಾಟ. ಲಚ್ಚಿಯ ಬಾಯಲ್ಲಿ ನಮ್ಮ ಊರಿನ ಕೊಂಕು, ಬೈಗುಳ, ಅಜ್ಜಿಯ ಗತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ಅದನ್ನೋದಿ ನಾನೊಬ್ಬನೇ ನಕ್ಕದ್ದುಂಟು. ಅವಳ ಎದುರು ನಕ್ಕರೆ ತಲೆ ಮೇಲೆ ಕೂರುತ್ತಾಳೆಂದು ಬಿಗಿಯಾಗಿರುತ್ತಿದ್ದೆ.

ಈ ತಮಿಳು ಊರಿನಲ್ಲಿ ಕನ್ನಡದ ಕಾಮಿಕ್ಸ್ ಯಾರಿಗೆ ಬೇಕು? ಬೇಕಾಗಿದ್ದದ್ದು ಮೂವರು ಮಕ್ಕಳಿಗೆ. ಭಾನುವಾರ ಅಪ್ಪಂದಿರ ಜೊತೆ ತಿಂಡಿಗೆ ಬರುತ್ತಿದ್ದ ಚರಣ್ ಮತ್ತು ಅಜಯ್. ಮತ್ತೆ ಕೃತಿ. ಅವಳ ಅಮ್ಮ ಆ ವರ್ಷ ಹತ್ತಿರದ ಆಸ್ಪತ್ರೆಯಲ್ಲಿದ್ದರು. ಅಪ್ಪ ಮಗಳನ್ನು ನಮ್ಮಲ್ಲಿ ಕೂರಿಸಿ, ಇಡ್ಲಿ ಕಟ್ಟಿಸಿಕೊಂಡು ವಾರ್ಡಿಗೆ ಹೋಗುತ್ತಿದ್ದ. ಮೂಲೆಯ ಮೇಜಿನಲ್ಲಿ ಕೃತಿ ಸಾಲಿನಡಿ ಬೆರಳಿಟ್ಟು ಓದಿ ಹೇಳುತ್ತಿದ್ದಳು, ಹುಡುಗರಿಬ್ಬರೂ ಬಾಯಿ ಬಿಟ್ಟು ಕೇಳುತ್ತಿದ್ದರು. ತಟ್ಟೆ ಲೋಟಗಳ ಸದ್ದಿನಲ್ಲಿ ನಮಗೇನೂ ಕೇಳಿಸುತ್ತಿರಲಿಲ್ಲ. ಪ್ರಣಮ್ಯಾ ದೂರದಿಂದ ನೋಡಿಯೇ ಹಿಗ್ಗುತ್ತಿದ್ದಳು.

ಏಳನೆಯ ಸಂಚಿಕೆಯ ಕೊನೆಯಲ್ಲಿ ಲಚ್ಚಿ ಕಿಟಕಿ ದಾಟಿ ಹೊರಗೆ ಹೋದಳು. ಕಥೆ ಅಲ್ಲಿಗೇ ನಿಂತಿತು. ಪ್ರಣಮ್ಯಾಳಿಗೆ ಮದುವೆಯಾಯಿತು, ಪಲ್ಲಾವರಂನಲ್ಲಿ ಮನೆಯಾಯಿತು, ಹಪ್ಪಳದ ಪೊಟ್ಟಣಗಳಿಗೆ ಚಿತ್ರ ಬರೆಯುವ ನೌಕರಿ ಸಿಕ್ಕಿತು. ಕೊನೆಯ ಸಂಚಿಕೆಗೆಂದು ಕೂತಾಗೆಲ್ಲ ಕೈ ಓಡುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಈಗ ಒಂದು ಹಠ ಹಿಡಿದಳು.

“ಆ ಮೂವರು ಸಿಕ್ಕಿ, ಲಚ್ಚಿ ಇನ್ನೂ ಬೇಕು ಅಂದ್ರೆ ಮುಗಿಸ್ತೇನೆ ಮಾವ. ಇಲ್ಲದಿದ್ರೆ ಎಲ್ಲ ರದ್ದಿಗೆ ಹಾಕ್ತೇನೆ.”

ಅವರಿವರನ್ನು ಕೇಳಿ ಮೂವರನ್ನೂ ಪತ್ತೆ ಹಚ್ಚಿದಳು. ಕಳೆದ ಭಾನುವಾರ ಎಲ್ಲರೂ ಬಂದರು. ಚರಣ್ ಈಗ ಡಾಕ್ಟರು. ಅಜಯ್‌ಗೆ ವಿಮಾನ ನಿಲ್ದಾಣದಲ್ಲಿ ಕೆಲಸ, ಹೊಟ್ಟೆ ಬಂದಿದೆ. ಕೃತಿ ಮಾಧವರಂನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳಂತೆ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಅದೇ ಮೂಲೆಯ ಮೇಜಿನಲ್ಲಿ ಕೂರಿಸಿ, ಹಳೆಯ ಸಂಚಿಕೆಗಳನ್ನು ಹರಡಿ ಪ್ರಣಮ್ಯಾ ಕೇಳಿದಳು:

“ಲಚ್ಚಿಯ ಯಾವ ಮಾತು ನೆನಪುಂಟು?”

ಹುಡುಗರು ಮುಖ ಮುಖ ನೋಡಿಕೊಂಡರು. “ತಪ್ಪಾ ನಿನೈಕ್ಕಾದೀಂಗ ಅಕ್ಕಾ,” ಎಂದು ಚರಣ್ ತಮಿಳಿನಲ್ಲೇ ಕ್ಷಮೆ ಕೇಳಿದ. “ನಮಗೆ ಕನ್ನಡ ಓದೋಕೆ ಬರಲ್ಲ. ಕಲೀಲಿ ಅಂತ ಅಪ್ಪ ಕಾಸು ಕೊಟ್ಟು ವಾಂಗಿ ಕೊಡ್ತಿದ್ರು. ಕೃತಿ ಓದ್ತಿದ್ದಳು, ನಾವು ಕೇಳ್ತಿದ್ವಿ.”

ಎಲ್ಲರೂ ಕೃತಿಯ ಕಡೆ ತಿರುಗಿದೆವು. ಅವಳು ತಲೆ ತಗ್ಗಿಸಿದಳು.

“ನನಗೂ ಬರಲ್ಲ ಅಕ್ಕಾ.”

“ಅಡಿಪ್ಪಾವಿ, ಕಳ್ಳಿ!” ಎಂದ ಅಜಯ್. “ಬೆರಳಿಟ್ಟು ಓದ್ತಿದ್ದೆಯಲ್ಲ!”

“ಚಿತ್ರ ನೋಡಿ ನಾನೇ ಹೇಳ್ತಿದ್ದೆ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದು ನನಗೇ ಸಿಟ್ಟು ಬಂತು. ಪ್ರಣಮ್ಯಾ ಎದ್ದು ಹಾಳೆಗಳನ್ನು ಒಟ್ಟು ಮಾಡತೊಡಗಿದಳು. ಕಣ್ಣು ತುಂಬಿತ್ತು. “ಒಬ್ಬರೂ ಓದಲೇ ಇಲ್ಲ ಮಾವ.”

ನನಗೆ ತಡೆಯಲಾಗಲಿಲ್ಲ. “ಯಾಕೆ, ನಾನು ಮನುಷ್ಯ ಅಲ್ವಾ? ‘ಬಾಲ ಹೋದ್ರೆ ಹೋಯ್ತು, ಕೂರ್ಲಿಕ್ಕೆ ಕುಂಡೆ ಉಂಟಲ್ಲ!’ ಮೂರನೇ ಸಂಚಿಕೆ!”

ಅವಳು ಅಳುತ್ತಲೇ ನಕ್ಕಳು. ನಕ್ಕದ್ದರಿಂದ ಕುರ್ಚಿಯಲ್ಲಿ ಮತ್ತೆ ಕೂತಳು. ಕೂತದ್ದರಿಂದ ಕೃತಿಯನ್ನು ಕೇಳಿದಳು, “ನಿನ್ನ ಕಥೆ ಎಂತ ಇತ್ತು ಹಾಗಾದ್ರೆ?”

ಕೃತಿ ಹಾಳೆಯನ್ನು ಸವರಿದಳು. “ಬಾಲಕ್ಕೆ ಜ್ವರ ಅಕ್ಕಾ. ಆಸ್ಪತ್ರೇಲಿ ಅಡ್ಮಿಟ್ ಮಾಡಿದ್ರು. ಯಾವ ವಾರ್ಡು ಅಂತ ಲಚ್ಚಿಗೆ ಯಾರೂ ಹೇಳಲ್ಲ. ಮಕ್ಕಳನ್ನ ಒಳಗೆ ವಿಡಮಾಟ್ಟಾಂಗ, ಬಿಡಲ್ಲ. ಅದಕ್ಕೇ ಕಿಟಕಿ ದಾಟಿ ಹೋದಳು.” ಹಾಳೆ ಮಗುಚಿ ಹೇಳಿದಳು, “ಆಮೇಲೆ ಪುಸ್ತಕ ಬರಲಿಲ್ಲ. ಅಮ್ಮನೂ ಬರಲಿಲ್ಲ.”

ಅಜಯ್ ಕಾಫಿ ಲೋಟ ಕೆಳಗಿಟ್ಟ.

“ಬಾಲ ಸಿಕ್ತಾ ಅಕ್ಕಾ?” ಎಂದಳು ಕೃತಿ. ಅದನ್ನು ಕೇಳಲೆಂದೇ ಅವಳು ಅಷ್ಟು ದೂರದಿಂದ ಬಂದಿದ್ದಳು.

ಪ್ರಣಮ್ಯಾ ಅವಳನ್ನೇ ನೋಡಿದಳು. ಸುಳ್ಳು ಹೇಳುವುದು ಸುಲಭವಿತ್ತು, ಹೇಳಲಿಲ್ಲ. “ಹೋದ ಬಾಲ ಸಿಗುದಿಲ್ಲ ಕೃತಿ. ಹಲ್ಲಿಗೆ ಹೊಸತು ಬರ್ತದೆ. ಮೊದಲಿನಷ್ಟು ಉದ್ದ ಇರುದಿಲ್ಲ, ಬಣ್ಣವೂ ಬೇರೆ.”

ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಏಳನೆಯ ಸಂಚಿಕೆಯ ಹಿಂದಿನ ಖಾಲಿ ಪುಟದಲ್ಲಿ ಬರೆಯತೊಡಗಿದಳು. ಆಸ್ಪತ್ರೆಯ ಕಿಟಕಿಯ ಕೆಳಗೆ ಲಚ್ಚಿ, ಹಿಂದೆ ಗಿಡ್ಡನೆಯ ಹೊಸ ಬಾಲ. ಬಾಯಿಯ ಹತ್ತಿರ ಮಾತಿನ ಗುಳ್ಳೆ ಬರೆದು, ಪೆನ್ನು ಎತ್ತಿ ಹಿಡಿದು ಒಂದು ಗಳಿಗೆ ಕೂತಳು. ಆಮೇಲೆ ಹಾಳೆಯನ್ನು ಕೃತಿಯ ಕಡೆ ತಿರುಗಿಸಿದಳು.

“ನೀನೇ ಓದು.”

ಕೃತಿ ಖಾಲಿ ಗುಳ್ಳೆಯ ಕೆಳಗೆ ಬೆರಳಿಟ್ಟಳು. ಹುಡುಗರು ಹಿಂದಿನ ಹಾಗೇ ಮುಂದಕ್ಕೆ ಬಾಗಿದರು. ಅವಳು ಓದಿದಳು:

“ಗಿಡ್ಡ ಆದ್ರೂ ಪರವಾಯಿಲ್ಲ. ವಾ, ಬಾ, ಮನೆಗೆ ಹೋಗೋಣ.”

ಪ್ರಣಮ್ಯಾ ಕೊನೆಯ ಸಂಚಿಕೆ ಶುರು ಮಾಡಿದ್ದಾಳೆ. ಲಚ್ಚಿಯ ಮಾತಿಗೆ ಕೃತಿಯನ್ನು ಕರೆಸಿಕೊಳ್ಳುತ್ತಾಳೆ. ಆ ಹಾಳೆ ಮಾತ್ರ ನನ್ನ ಹತ್ತಿರ ಉಳಿದಿದೆ, ತಿಂಡಿಪಟ್ಟಿಯ ಪಕ್ಕದಲ್ಲಿ. ಹೋಟೆಲಿನ ಗೋಡೆಗೆ ನನ್ನ ಕೈಯಾರೆ ನಾನೇ ಹಲ್ಲಿ ಅಂಟಿಸಿದ್ದೇನೆ.