ಚಾಚಾರ ಕೆಂಪು ಪರದೆ

ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಧೈರ್ಯ ಇರುವುದಿಲ್ಲ. ಒಂದು ರೂಟರನ್ನು ಕೈಯಾರೆ ಕೊಂದವನು ನಾನು. ಅದೇ ರೂಟರಿನ ಮೇಲೆ ಚಾಚಾ ಪ್ರತಿ ಭೇಟಿಯಲ್ಲೂ ಕೈಯ ಹಿಂಬದಿ ಇಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಕೈಯ ಹೆಬ್ಬೆರಳಿಗೆ ಅರ್ಧ ಉಗುರು. ಉಳಿದರ್ಧವನ್ನು ಎಂದೋ ಕೇಬಲ್ ಕತ್ತರಿಸುವ ಇಕ್ಕಳ ತಿಂದುಹಾಕಿತ್ತು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಬುರ್ಖಾ ಅಂಗಡಿಯ ಮೇಲಿನ ಕೋಣೆಯೇ ಅವರ ಅಂಗಡಿ. ಸಣ್ಣಪುಟ್ಟ ಆಫೀಸು, ಟ್ಯೂಷನ್ ಸೆಂಟರುಗಳಿಗೆ ನೆಟ್ ಹೊಂದಿಸಿಕೊಡುವುದು ಕಸುಬು. ಡಿಪ್ಲೊಮಾದಲ್ಲಿ ನಾನು ಕಲಿತದ್ದು ಪ್ರಿನ್ಸಿಪಾಲರ ಕೆಮ್ಮು, ಪ್ಯೂನಿನ ನಡಿಗೆ. ರೂಟರ್ ಕಲಿಸಿದ್ದು ಚಾಚಾ. ಅವರ ಫೋನ್ ದನಿಯನ್ನೂ ಕಲಿತುಬಿಟ್ಟೆ. “ಹಲೋ, ವೈರ್ ಪೂರಾ ಚುಚ್ಚಿದೀರಾ, ಇಲ್ಲಾ ಸುಮ್ನೆ ಇಟ್ಟಿದೀರಾ?” ಎಂದು ಅವರಂತೆಯೇ ಮೂಗಿನಲ್ಲಿ ಅಂದರೆ ಗಿರಾಕಿಗಳು “ಸಾರಿ ಚಾಚಾ” ಎನ್ನುತ್ತಿದ್ದರು. ಅದಕ್ಕೇ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. “ಏ ಆಕ್ಟರ್” ಅಷ್ಟೇ.

ಅವರದೊಂದು ನೇಮವಿತ್ತು. ಗಿರಾಕಿಯ ರೂಟರಿಗೆ ಏನು ಮಾಡುವುದಿದ್ದರೂ ಮೊದಲು ನಕಲಿಯಲ್ಲಿ ಮಾಡಬೇಕು. ನಕಲಿಯೆಂದರೆ ವರ್ಚುವಲ್ ಮಷೀನು: ಮೂಲೆಯ ಹಳೇ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿದೆಯೆಂದು ನಂಬಿಸಿ, ಅದರಲ್ಲಿ ರೂಟರಿನ ಆಪರೇಟಿಂಗ್ ಸಿಸ್ಟಮ್ ಓಡಿಸುವುದು. ಪೆಟ್ಟಿಗೆಯಿಲ್ಲ, ಬರೀ ರೂಟರಿನ ಬುದ್ಧಿ. ಅದು ಸತ್ತರೆ ಯಾರೂ ಅಳಬೇಕಿಲ್ಲ. ಗಿರಾಕಿಯ ಅಸಲಿ ರೂಟರಿಗೆ ಅಂಗಡಿಯಿಂದಲೇ ತೆರೆಯುವ ಕಿಟಕಿ ಪರದೆಯ ಮೇಲೆ ಕಪ್ಪು, ನಕಲಿಯದು ಕಡುಗೆಂಪು. ಆ ಕೆಂಪನ್ನು ಚಾಚಾ ತಾವೇ ಹಾಕುತ್ತಿದ್ದರು. “ಕೆಂಪಲ್ಲಿ ಏನ್ ಬೇಕಾದ್ರೂ ಆಟ ಆಡು. ಕಪ್ಪಲ್ಲಿ ನಕ್ಕೋ, ಬ್ಯಾಡ.”

ಒಂದು ಶುಕ್ರವಾರ, ಅವರು ನಮಾಜಿಗೆ ಹೋದಾಗ, ನನ್ನೊಳಗಿನ ಕೋತಿ ಎದ್ದಿತು. ಮನುಷ್ಯರ ಮಿಮಿಕ್ರಿ ಸಾಲದೆಂದು ರೂಟರಿನ ಮಿಮಿಕ್ರಿಗೆ ಕೂತೆ. ಕಮ್ಮನಹಳ್ಳಿಯ ಕಂಪ್ಯೂಟರ್ ಸೆಂಟರಿನ ರೂಟರಿನಲ್ಲಿದ್ದ ಪ್ರತಿಯೊಂದು ಸೆಟ್ಟಿಂಗನ್ನೂ ನಕಲಿಗೆ ಇಳಿಸಿದೆ. ಅದೇ ಹೆಸರು, ಅದೇ ಸ್ವಾಗತದ ಸಾಲು, ಪೆಟ್ಟಿಗೆಯ ಬೆನ್ನ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ ಕೂಡ. ಕೊನೆಗೆ ಕೆಂಪನ್ನೂ ತೆಗೆದು ಕಪ್ಪು ಮಾಡಿದೆ. ಚಾಚಾ ಮೋಸ ಹೋಗುತ್ತಾರೋ ನೋಡೋಣವೆಂದು! ಅಷ್ಟರಲ್ಲಿ ಗಿರಾಕಿಯೊಬ್ಬರು ಕರೆದರು, ಹೋದೆ. ಮರೆತೆ.

ಮರುದಿನ ಆ ಸೆಂಟರಿನಲ್ಲಿ ಆಸ್ಪತ್ರೆ ನೌಕರಿಯೊಂದಕ್ಕೆ ಆನ್‌ಲೈನ್ ಪರೀಕ್ಷೆ, ಹನ್ನೊಂದಕ್ಕೆ. “ಹೊಸ ವರ್ಷನ್ ಬಂದಿದೆ, ನಕಲಿಗೆ ಹಾಕಿ ನೋಡು. ಅಸಲಿಗೆ ಪರೀಕ್ಷೆ ಮುಗಿದ್ ಮೇಲೆ” ಎಂದು ಹೇಳಿ ಚಾಚಾ ಚಹಾಕ್ಕೆ ಇಳಿದರು. ಎರಡು ಕಪ್ಪು ಕಿಟಕಿಗಳು, ಒಂದೇ ಹೆಸರು. ನಾನು ಒಂದರಲ್ಲಿ ಟೈಪಿಸಿ ಎಂಟರ್ ಒತ್ತಿದೆ. ಕಿಟಕಿ ನಿಂತುಹೋಯಿತು. ಇನ್ನೊಂದು ಆರಾಮಾಗಿ ಮಿಣುಕುತ್ತಿತ್ತು.

ಫೋನ್ ಬಂತು. ಸೆಂಟರಿನ ಮಾಲೀಕರು. “ಏನ್ರೀ ನೆಟ್ಟೇ ಇಲ್ಲ! ಮೂವತ್ತು ಜನ ಕೂತಿದಾರೆ!” ಗಂಟೆ ಹತ್ತು. ಆ ಹಳೇ ಪೆಟ್ಟಿಗೆ ಹೊಸ ವರ್ಷನ್ನನ್ನು ನುಂಗಲಾರದೆ ಸತ್ತಿತ್ತು.

ಚಾಚಾ ಮೇಲೆ ಬಂದರು. ನನ್ನ ಮುಖ ನೋಡಿದರು, ಪರದೆ ನೋಡಿದರು. ಬೈಯಲಿಲ್ಲ. ಮೂಲೆಯ ಕಂಪ್ಯೂಟರಿನ ವೈರುಗಳನ್ನು ಕಿತ್ತು, ಅದನ್ನು ಮಗುವಿನಂತೆ ಎತ್ತಿಕೊಂಡರು. “ಸ್ಕೂಟರ್ ತೆಗಿ.”

ಕೋಲ್ಸ್ ರೋಡಿನಿಂದ ಲಿಂಗರಾಜಪುರದ ಫ್ಲೈಓವರ್‌ವರೆಗೂ ಟ್ರಾಫಿಕ್. ಹಿಂದೆ ಕಂಪ್ಯೂಟರ್ ತಬ್ಬಿ ಕೂತಿದ್ದ ಚಾಚಾರ ಉಬ್ಬಸ ನನ್ನ ಕುತ್ತಿಗೆಗೆ ತಾಗುತ್ತಿತ್ತು. ಜೀವನದಲ್ಲಿ ಮೊದಲ ಸಲ ನನಗೆ ಯಾರ ದನಿಯೂ ಬರಲಿಲ್ಲ, ನನ್ನದೂ ಕೂಡ.

ಸೆಂಟರಿನ ಮೆಟ್ಟಿಲಲ್ಲಿ ಒಬ್ಬ ಹೆಣ್ಣುಮಗಳು ದಾರಿಗಡ್ಡ ಬಂದಳು. ಕಲಬುರಗಿ ಕಡೆಯವಳು, ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ಆರಕ್ಕೇ ಹೊರಟು ಬಂದಿದ್ದಳು. “ಅಣ್ಣಾ, ಬರ್ತದಲ್ರೀ ನೆಟ್ಟು? ಇದು ನಂದು ಕಡೀ ಚಾನ್ಸ್ ಅದ. ಮುಂದಿನ ವರ್ಷ ವಯಸ್ಸು ಮೀರ್ತದ್ರೀ.” ಹನ್ನೊಂದೂ ಕಾಲರೊಳಗೆ ಲಾಗಿನ್ ಆಗದಿದ್ದರೆ ಅವಳಷ್ಟೇ ಅಲ್ಲ, ಮೂವತ್ತೂ ಜನ ಹೊರಗೆ. ನಾನು ತಲೆ ಆಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ.

ಚಾಚಾರ ಕಂಪ್ಯೂಟರಿಗೆ ಎರಡು ನೆಟ್ವರ್ಕ್ ಕಾರ್ಡುಗಳಿದ್ದವು. ಹೊರಗಿನ ಲೈನನ್ನು ಒಂದಕ್ಕೆ, ಸೆಂಟರಿನ ಕೇಬಲನ್ನು ಇನ್ನೊಂದಕ್ಕೆ ಚುಚ್ಚಿದರು. ಸತ್ತ ಅಸಲಿಯ ಜಾಗದಲ್ಲಿ ನಕಲಿಯನ್ನೇ ಕೂರಿಸುವ ಹಂಚಿಕೆ. ಹನ್ನೊಂದು ಹೊಡೆಯಿತು.

“ಲೈನ್ ಕೊಡೋ ಕಂಪನಿ ಪೆಟ್ಟಿಗೆ ಗುರುತು ಕೇಳತ್ತೆ,” ಎಂದರು ಚಾಚಾ, ಏದುಸಿರಿನಲ್ಲಿ. “ಹಳೇದರ ನಂಬರ್ ಓದಿ ಹೇಳು, ಹಾಕ್ತೀನಿ.”

“ಹಾಕಿದೆ ಚಾಚಾ. ಆಗಲೇ... ನಿನ್ನೆನೇ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಸ್ವಿಚ್ ಒತ್ತಿದರು. ಹನ್ನೊಂದೂ ಒಂಬತ್ತಕ್ಕೆ ಮೂವತ್ತು ಪರದೆಗಳೂ ತೆರೆದುಕೊಂಡವು. ಕಲಬುರಗಿಯವಳು ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು ಟೈಪಿಸತೊಡಗಿದಳು. ಚಾಚಾ ಕೈಯ ಹಿಂಬದಿಯನ್ನು ಆ ಹಳೇ ಕಂಪ್ಯೂಟರಿನ ಮೇಲಿಟ್ಟು ನಿಂತರು.

ಪರೀಕ್ಷೆ ಮುಗಿದ ಮೇಲೆ ಮಾಲೀಕರು ಕೂಗಾಡಿದರು. “ಯಾರ್ರೀ ಮಾಡಿದ್ದು ಇದನ್ನ?”

ನಾನು ಬಾಯಿ ತೆರೆಯುವುದರೊಳಗೆ ಚಾಚಾ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಾ, “ನಾನೇ ಸಾರ್. ವಯಸ್ಸಾಯ್ತು, ಕಣ್ಣು ಸರಿಯಾಗಿ ಕಾಣಲ್ಲ. ಕಪ್ಪು ಯಾವುದು ಕೆಂಪು ಯಾವುದು ಗೊತ್ತಾಗಲ್ಲ” ಎಂದರು. ನಾನು ಬಗ್ಗಿ ಕಂಪ್ಯೂಟರಿನ ವೈರು ಸುತ್ತತೊಡಗಿದೆ. ಮಾಲೀಕರು ಮರುವಾರವೇ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕಣ್ಣು ಕಾಣದ ಮುದುಕನೆಂದು ಸುದ್ದಿ ಹಬ್ಬಿ ಇನ್ನೆರಡು ಕಡೆಯವರೂ ಬಿಟ್ಟರು. ನಕಲಿಯೂ ಕಪ್ಪಾಗಿ ಕಂಡದ್ದಕ್ಕೆ ಅವರು ನಿಜಕ್ಕೂ ತಮ್ಮ ಕಣ್ಣನ್ನೇ ದೂರುತ್ತಿದ್ದಾರೇನೋ ಎಂಬ ಅಳುಕು ನನಗೆ. ದಿನಾ ನಿಜ ಹೇಳಬೇಕೆಂದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದೆ, ಅವರು “ಬಾರೋ ಆಕ್ಟರ್” ಎಂದೊಡನೆ ಯಾರದಾದರೂ ದನಿ ಮಾಡಿ ನಗಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಮಳೆಗಾಲಕ್ಕೆ ಉಬ್ಬಸ ಹೆಚ್ಚಿ ಆಸ್ಪತ್ರೆ ಸೇರಿದರು, ಮತ್ತೆ ಮೆಟ್ಟಿಲು ಹತ್ತಲಿಲ್ಲ. ಆ ಕಂಪ್ಯೂಟರ್ ಈಗ ನನ್ನ ಬಳಿ ಇದೆ, ನಕಲಿಯ ಕಿಟಕಿಗೆ ಕೆಂಪು ನಾನೇ ಹಾಕುತ್ತೇನೆ. ಅವರು ಹೋಗುವ ಎರಡು ದಿನ ಮೊದಲು, ಮಧ್ಯಾಹ್ನ, ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ, ಕೊನೆಗೂ ನನ್ನದೇ ದನಿಯಲ್ಲಿ ಹೇಳಿದೆ. “ಚಾಚಾ, ಅವತ್ತು ಕೆಂಪು ತೆಗೆದಿದ್ದು ನಾನು. ನಿಮ್ ಕಣ್ಣಿಗೇನೂ ಆಗಿರ್ಲಿಲ್ಲ.”

ಚಾಚಾ ಆಮ್ಲಜನಕದ ಮಾಸ್ಕನ್ನು ಅರ್ಧ ಉಗುರಿನ ಹೆಬ್ಬೆರಳಿನಿಂದ ಸ್ವಲ್ಪ ಎತ್ತಿದರು.

“ಗೊತ್ತು ಕಣೋ. ಈ ಊರಲ್ಲಿ ನೀನೊಬ್ನೇ ಆಕ್ಟರ್ ಅಂದ್ಕೊಂಡಿದ್ಯಾ?”